ಫೆರೈಟ್ ಕೋರಿನ ಕ್ಯೂರಿ ತಾಪಮಾನ ಅಳೆಯುವುದು: ಅಂಕಿ ಎಲ್ಲಿ ಜಾರುತ್ತದೆ

ಒಂದೇ ಡಬ್ಬಿಯಿಂದ ತೆಗೆದ ಕೋರ್, ಒಂದೇ ಟೇಬಲ್, ಒಂದೇ ಹಾಟ್‌ಪ್ಲೇಟ್. ಆದರೂ ಒಂದು ಬ್ಯಾಚಿಗೆ ಕ್ಯೂರಿ ತಾಪಮಾನ (ವಸ್ತು ತನ್ನ ಬಲವಾದ ಕಾಂತಗುಣ ಕಳೆದುಕೊಳ್ಳುವ ಬಿಸಿ) 122 ಡಿಗ್ರಿ ಸೆಲ್ಸಿಯಸ್ ಬರುತ್ತದೆ, ಪಕ್ಕದ ಬ್ಯಾಚಿಗೆ 138. ಜರ್ನಲ್ಲಿನಲ್ಲಿ ‘ಉಷ್ಣ ನಷ್ಟದಿಂದ ದೋಷ’ ಅಂತ ಒಂದು ಸಾಲು ಬರೆದು ಮುಗಿಸುವುದು ರೂಢಿ. ಆ ಸಾಲು ಏನನ್ನೂ ಹೇಳುವುದಿಲ್ಲ.

ಫೆರೈಟ್ ಎಂಬ ಕಾಂತೀಯ ಸೆರಾಮಿಕ್‌ನ ಉಂಗುರಕ್ಕೆ (ಕೋರಿಗೆ) ಎರಡು ಸುರುಳಿ ಸುತ್ತಿ, ಒಂದಕ್ಕೆ (ಪ್ರೈಮರಿ) ಕರೆಂಟು ಕೊಟ್ಟು, ಎಣ್ಣೆಯಲ್ಲಿ ಕಾಯಿಸುತ್ತ ಇನ್ನೊಂದರಲ್ಲಿ (ಸೆಕೆಂಡರಿ) ಹುಟ್ಟುವ ವೋಲ್ಟೇಜ್ ನೋಡುವುದು ಈ ಪ್ರಯೋಗ. ಇದರಲ್ಲಿ ವೋಲ್ಟೇಜ್ ತಪ್ಪುವುದು ಕಡಿಮೆ, ತಪ್ಪುವುದು ತಾಪಮಾನ. ಮೀಟರು ಎಣ್ಣೆಯ ತಾಪಮಾನ ತೋರಿಸುತ್ತಿರುತ್ತದೆ, ಕೋರು ಇನ್ನೂ ಹಿಂದೆ ಉಳಿದಿರುತ್ತದೆ. ಕೆಳಗಿನ ಹಂತಗಳಲ್ಲಿ ಅರ್ಧದಷ್ಟು ಇದೊಂದನ್ನೇ ಸರಿಪಡಿಸಲು ಇವೆ. ಬಿ.ಎಸ್ಸಿ., ಎಂ.ಎಸ್ಸಿ. ಲ್ಯಾಬಿನಲ್ಲಿ ಇರುವ ಸಾಮಾನಿನಲ್ಲೇ ಮಾಡಬಹುದು. ಸಮಯ ಮಾತ್ರ ಮೂರು ತಾಸು ಬೇಕು. ಎರಡು ತಾಸಿನ ಪಿರಿಯಡ್‌ನಲ್ಲಿ ಮುಗಿಸಲು ಹೋದರೆ ಹಂತ 7ರಲ್ಲಿ ಹೇಳಿದ ತಪ್ಪು ಆಗಿಯೇ ತೀರುತ್ತದೆ.

ಮೊದಲು: ಗ್ರಾಫಿನಲ್ಲಿ ಏನು ಕಾಣಬೇಕು

ಕೋರನ್ನು ಕಾಯಿಸುತ್ತ ಹೋದಂತೆ ಸೆಕೆಂಡರಿ ವೋಲ್ಟೇಜ್ ಇಳಿಯುತ್ತದೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ನಿಜಕ್ಕೂ ಅದು ಏರುತ್ತದೆ. ಬಿಸಿ ಹೆಚ್ಚಿದಂತೆ ವಸ್ತುವಿನ ಒಟ್ಟು ಕಾಂತತ್ವ ಕುಗ್ಗುತ್ತದೆ, ಸರಿ. ಆದರೆ ಆ ಕಾಂತತ್ವವನ್ನು ಸ್ಫಟಿಕದ ನಿರ್ದಿಷ್ಟ ದಿಕ್ಕುಗಳಿಗೆ ಕಟ್ಟಿಹಾಕುವ ಅನೈಸೊಟ್ರಪಿ ಅದಕ್ಕಿಂತ ಬೇಗ ಕುಗ್ಗುತ್ತದೆ. ಕಟ್ಟು ಸಡಿಲಾದಾಗ ಸಣ್ಣ ಕ್ಷೇತ್ರಕ್ಕೂ ಡೊಮೇನುಗಳು (ಒಂದೇ ದಿಕ್ಕಿಗೆ ಕಾಂತತ್ವ ಇರುವ ಸಣ್ಣ ಪ್ರದೇಶಗಳು) ಸುಲಭವಾಗಿ ಸರಿಯುತ್ತವೆ, ಪರ್ಮಿಯೆಬಿಲಿಟಿ (ವಸ್ತು ಎಷ್ಟು ಸುಲಭವಾಗಿ ಕಾಂತಗೊಳ್ಳುತ್ತದೆ ಎಂಬ ಅಳತೆ) ಮೇಲೇರುತ್ತದೆ, ಅದರೊಂದಿಗೆ ವೋಲ್ಟೇಜೂ. ಕ್ಯೂರಿ ಬಿಂದುವಿಗೆ ಸ್ವಲ್ಪ ಮುಂಚೆ ಅದು ತುದಿ ಮುಟ್ಟಿ, ಆಮೇಲೆ ಕೆಲವೇ ಡಿಗ್ರಿಗಳಲ್ಲಿ ಕಡಿದು ಬೀಳುತ್ತದೆ. ಈ ತುದಿಗೆ ಹಾಪ್ಕಿನ್ಸನ್ ಶಿಖರ ಎನ್ನುತ್ತಾರೆ. ಕ್ಯೂರಿ ಬಿಂದು ದಾಟಿದ ಮೇಲೆ ವಸ್ತು ಅನುಕಾಂತೀಯ, ಅಂದರೆ ಕ್ಷೇತ್ರಕ್ಕೆ ತೀರ ದುರ್ಬಲವಾಗಿ ಸ್ಪಂದಿಸುವಂಥದ್ದು. ಕೋರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಫೆರೈಟ್ ಕಟ್ಟುನಿಟ್ಟಾಗಿ ಹೇಳಿದರೆ ಫೆರಿಕಾಂತೀಯ (ಪರಮಾಣು ಕಾಂತಗಳು ಎದುರುಬದುರು ನಿಂತು, ಒಂದು ಕಡೆಯದು ಹೆಚ್ಚು), ಕಬ್ಬಿಣ ಮತ್ತು ನಿಕ್ಕಲ್ ಫೆರೋಕಾಂತೀಯ (ಎಲ್ಲ ಒಂದೇ ದಿಕ್ಕಿಗೆ). ಶಿಖರ ಮತ್ತು ಕುಸಿತದ ಮಟ್ಟಿಗೆ ಎರಡರ ನಡತೆಯೂ ಒಂದೇ ಥರ. ವ್ಯತ್ಯಾಸ ಎಲ್ಲಿ ಕಾಡುತ್ತದೆ ಎಂಬುದು ಹಂತ 8ರಲ್ಲಿದೆ.

ಹಂತ 1: ಕೋರ್ ಆರಿಸುವುದು

ಬೇಕಾದದ್ದು ಹೆಚ್ಚು ಪರ್ಮಿಯೆಬಿಲಿಟಿಯ ಮ್ಯಾಂಗನೀಸ್-ಸತು ಫೆರೈಟಿನ ಉಂಗುರ. ಹೊರ ವ್ಯಾಸ 20 ಮಿ.ಮೀ., ಒಳ ವ್ಯಾಸ 10 ಮಿ.ಮೀ., ದಪ್ಪ 8 ಮಿ.ಮೀ. ಆಸುಪಾಸಿನದು ಅನುಕೂಲ. ಕೆಟ್ಟುಹೋದ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿನಂಥವುಗಳ ಪವರ್ ಸಪ್ಲೈ) ಮೇನ್ಸ್ ಒಳಬರುವ ಕಡೆ ಎರಡು ಸುರುಳಿ ಸುತ್ತಿದ ಫಿಲ್ಟರ್ ಇರುತ್ತದಲ್ಲ, ಅದರೊಳಗಿನ ಉಂಗುರ ಹೆಚ್ಚಾಗಿ ಇದೇ ಜಾತಿಯದು. ಇಂಥವುಗಳ ಕ್ಯೂರಿ ತಾಪಮಾನ ಸಾಮಾನ್ಯವಾಗಿ 120ರಿಂದ 150 ಡಿಗ್ರಿ ಒಳಗೆ ಇರುವುದರಿಂದ ಎಣ್ಣೆಯಲ್ಲೇ ಕೆಲಸ ಮುಗಿಯುತ್ತದೆ. ಪವರ್ ಟ್ರಾನ್ಸ್‌ಫಾರ್ಮರಿನ ಫೆರೈಟ್ ಆದರೆ 200 ಡಿಗ್ರಿ ದಾಟಬೇಕು.

ಅದೇ ಎಸ್‌ಎಂಪಿಎಸ್‌ನ ಹೊರಬರುವ ಕಡೆ ಹಳದಿ ಬಣ್ಣ ಬಳಿದು ಒಂದು ಮುಖ ಬಿಳಿ ಇರುವ ಉಂಗುರವೂ ಸಿಗುತ್ತದೆ. ಅದನ್ನು ಮುಟ್ಟಬೇಡಿ. ಅದು ಕಬ್ಬಿಣದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಕಬ್ಬಿಣದ ಕ್ಯೂರಿ ತಾಪಮಾನ 770 ಡಿಗ್ರಿ. “ಇಳೀವಲ್ದು ಸರ, ಇನ್ನಾ ಇಳೀವಲ್ದು” ಅನ್ನುತ್ತ 180ರವರೆಗೆ ಕಾಯಿಸಿ, ಕೊನೆಗೆ ಬಣ್ಣ ಸುಟ್ಟ ವಾಸನೆ ಬಂದಾಗ ಗೊತ್ತಾಗುವ ತಪ್ಪು ಇದು. ಮೊದಲೇ ಪತ್ತೆ ಹಚ್ಚಲು 20 ಸುತ್ತು ಸುತ್ತಿ ಎಲ್‌ಸಿಆರ್ ಮೀಟರಿಗೆ (ಇಂಡಕ್ಟನ್ಸ್ ಅಳೆಯುವ ಮೀಟರು) ಹಚ್ಚಿ ನೋಡಿ. ಮೇಲಿನ ಅಳತೆಯ ಫೆರೈಟ್ 2 ಮಿಲಿಹೆನ್ರಿ ಆಸುಪಾಸು ತೋರಿಸುತ್ತದೆ, ಕಬ್ಬಿಣದ ಪುಡಿಯದು 30 ಮೈಕ್ರೋಹೆನ್ರಿಯ ಸುತ್ತ ನಿಲ್ಲುತ್ತದೆ.

ಕೋರ್ ಸೀಳಿರಬಾರದು. ಒಡೆದದ್ದನ್ನು ಅರಾಲ್ಡೈಟ್ ಹಚ್ಚಿ ಕೂಡಿಸಿದ್ದಂತೂ ಬೇಡವೇ ಬೇಡ. ಕಾಂತರೇಖೆ ಸುತ್ತುವ ದಾರಿ 47 ಮಿ.ಮೀ. ಇದ್ದು, ನಡುವೆ ಬರೀ 0.05 ಮಿ.ಮೀ. ಅಂಟಿನ ಪದರ ಇದೆ ಎಂದಿಟ್ಟುಕೊಳ್ಳಿ. ಕೋರಿನ ನಿಜವಾದ ಪರ್ಮಿಯೆಬಿಲಿಟಿ 5000 ಇದ್ದರೂ ನಿಮಗೆ ಕಾಣುವುದು ಸುಮಾರು 790. ಅದು ಶಿಖರದಲ್ಲಿ 10,000ಕ್ಕೆ ಏರಿದರೂ ಕಾಣುವುದು 860. ಎರಡು ಪಟ್ಟು ಏರಬೇಕಿದ್ದ ಶಿಖರ ನೂರಕ್ಕೆ ಒಂಬತ್ತಕ್ಕೆ ಇಳಿಯಿತು! ಸರಳಿನ ಆಕಾರದ ಮಾದರಿ ಬಳಸಿದಾಗಲೂ ಇದೇ ಕಾರಣಕ್ಕೆ ಶಿಖರ ಮಾಯವಾಗುತ್ತದೆ. ಉಂಗುರವೇ ಬೇಕು ಅನ್ನುವುದು ಅದಕ್ಕೆ.

ಹಂತ 2: ಸಾಮಾನು ಕೂಡಿಸುವುದು

ವೈಂಡಿಂಗ್ ತಂತಿ ಎಸ್‌ಡಬ್ಲ್ಯೂಜಿ (ತಂತಿಯ ದಪ್ಪದ ನಂಬರು) 30, ಎರಡು ಮೀಟರ್. ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಬಾಗಲಕೋಟೆ, ವಿಜಯಪುರದ ಕಡೆ ಊರೂರಿಗೂ ಇದೆ. ಅಲ್ಲಿ 180 ಡಿಗ್ರಿ ತಾಳುವ ಎಚ್ ಕ್ಲಾಸ್ ತಂತಿ ಎಂದೇ ಕೇಳಿ, ಜೊತೆಗೆ ಒಂದು ಮೀಟರ್ ಫೈಬರ್ ಗ್ಲಾಸ್ ಸ್ಲೀವ್ ತನ್ನಿ. ಪ್ಲಾಸ್ಟಿಕ್ ಹೊದಿಕೆಯ ಹುಕ್‌ಅಪ್ ತಂತಿ ಎಣ್ಣೆಯಲ್ಲಿ ಮೆತ್ತಗಾಗಿ ಬಿಡುತ್ತದೆ.

ಫಂಕ್ಷನ್ ಜನರೇಟರ್, ಎರಡು ಚಾನಲ್ಲಿನ ಸಿಆರ್‌ಒ (ಆಸಿಲೋಸ್ಕೋಪ್), 1 ಕಿಲೋಓಮ್ ರೆಸಿಸ್ಟರ್, ಕೆ ಟೈಪ್ ಥರ್ಮೊಕಪಲ್ (ಎರಡು ಲೋಹದ ತಂತಿ ಕೂಡಿಸಿದ ತಾಪಮಾನ ಸಂವೇದಕ) ಮತ್ತು ಅದರ ಮೀಟರು, 500 ಮಿ.ಲೀ. ಬೀಕರ್, 300 ಮಿ.ಲೀ. ಎಣ್ಣೆ, ಹಾಟ್‌ಪ್ಲೇಟ್, ಅದಕ್ಕೊಂದು ಡಿಮ್ಮರ್‌ಸ್ಟ್ಯಾಟ್ (ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಟ್ರಾನ್ಸ್‌ಫಾರ್ಮರ್), ಗಾಜಿನ ಕಡ್ಡಿ, ಬಿಸಿ ತಾಳುವ ಕ್ಯಾಪ್ಟಾನ್ ಟೇಪ್, ಕೈಗವಸು.

ಸಿಆರ್‌ಒ ಬದಲು ಅಗ್ಗದ ಮಲ್ಟಿಮೀಟರ್ ಸಾಕಲ್ಲವೇ ಎಂಬ ಪ್ರಶ್ನೆ ಸದಾ ಬರುತ್ತದೆ. ಸಾಲದು. ಅಂಥ ಮೀಟರಿನ ಎಸಿ ಅಳತೆ ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ. ಇಲ್ಲಿ 10 ಕಿಲೋಹರ್ಟ್ಸ್‌ನಲ್ಲಿ ಅಳೆಯಬೇಕು.

ಹಂತ 3: ಸುತ್ತುವುದು

ಪ್ರೈಮರಿ 20 ಸುತ್ತು, ಸೆಕೆಂಡರಿ 20 ಸುತ್ತು. ಉಂಗುರದ ಅಂಚು ಹರಿತವಾಗಿರುತ್ತದೆ, ಎನಾಮಲ್ ಕೆರೆದುಹೋಗಿ ಸುತ್ತುಗಳು ಒಳಗೇ ಶಾರ್ಟ್ ಆಗುತ್ತವೆ. ಆದ್ದರಿಂದ ಮೊದಲು ಕ್ಯಾಪ್ಟಾನ್ ಟೇಪ್ ಒಂದು ಪದರ ಸುತ್ತಿ. ಥರ್ಮೊಕಪಲ್ ಕೂರಿಸಲು 4 ಮಿ.ಮೀ. ಜಾಗ ಟೇಪಿಲ್ಲದೆ ಬರಿದಾಗಿ ಬಿಡಿ.

ಪ್ರೈಮರಿಯ ಎರಡು ತುದಿಗಳನ್ನು ಒಂದಕ್ಕೊಂದು ಹೊಸೆದು ಮೇಲೆ ತನ್ನಿ, ಸೆಕೆಂಡರಿಯದನ್ನೂ ಹಾಗೆಯೇ. ಹೊಸೆಯದೆ ಬಿಟ್ಟರೆ ಆ ತಂತಿಗಳೇ ಕೋರಿಲ್ಲದ ಟ್ರಾನ್ಸ್‌ಫಾರ್ಮರ್ ಆಗಿ, ಕ್ಯೂರಿ ಬಿಂದು ದಾಟಿದ ಮೇಲೂ ವೋಲ್ಟೇಜ್ ಉಳಿಸುತ್ತವೆ. ಬೆಸುಗೆ ಹಾಕುವುದಿದ್ದರೆ ಎಣ್ಣೆಯ ಹೊರಗೇ ಹಾಕಿ. ಸಾಮಾನ್ಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗಲು ಶುರುವಾಗುತ್ತದೆ.

ಹಂತ 4: ಸರ್ಕ್ಯೂಟು

ಜನರೇಟರಿನ ಲೈವ್ ತುದಿ ಪ್ರೈಮರಿಗೆ, ಪ್ರೈಮರಿಯ ಇನ್ನೊಂದು ತುದಿ 1 ಕಿಲೋಓಮಿಗೆ, ರೆಸಿಸ್ಟರಿನ ಇನ್ನೊಂದು ತುದಿ ಗ್ರೌಂಡಿಗೆ. ಈ ಕ್ರಮ ಬದಲಿಸಬೇಡಿ. ರೆಸಿಸ್ಟರ್ ಮೇಲಿದ್ದರೆ ಸಿಆರ್‌ಒದ ಗ್ರೌಂಡ್ ಕ್ಲಿಪ್ ಹಚ್ಚಿದ ಕ್ಷಣ ಪ್ರೈಮರಿ ಶಾರ್ಟ್ ಆಗುತ್ತದೆ, ಏಕೆಂದರೆ ಎರಡೂ ಯಂತ್ರಗಳ ಗ್ರೌಂಡ್ ಗೋಡೆಯ ಸಾಕೆಟ್ಟಿನಲ್ಲಿ ಒಂದೇ. ಚಾನಲ್ 1 ರೆಸಿಸ್ಟರಿನ ಮೇಲೆ, ಚಾನಲ್ 2 ಸೆಕೆಂಡರಿಯ ಮೇಲೆ.

ಸೈನ್ ಅಲೆ, 10 ಕಿಲೋಹರ್ಟ್ಸ್, ತುದಿಯಿಂದ ತುದಿಗೆ 4 ವೋಲ್ಟ್. ಆಗ ಕರೆಂಟು 4 ಮಿಲಿಆಂಪಿಯರ್. ಪರ್ಮಿಯೆಬಿಲಿಟಿ 5000 ಇರುವ ಕೋರಿನ ಪ್ರೈಮರಿ ಈ ಆವರ್ತನದಲ್ಲಿ ಸುಮಾರು 139 ಓಮ್ ಒಡ್ಡುತ್ತದೆ. ಸಾವಿರ ಓಮಿನ ಮುಂದೆ ಅದು ಚಿಕ್ಕದು, ಕರೆಂಟು ಹೆಚ್ಚುಕಡಿಮೆ ಸ್ಥಿರ. ಸೆಕೆಂಡರಿಯಲ್ಲಿ ಸುಮಾರು 560 ಮಿಲಿವೋಲ್ಟ್ ಕಾಣಬೇಕು. ಶಿಖರದ ಹತ್ತಿರ ಪ್ರೈಮರಿ 280 ಓಮಿಗೆ ಏರಿ ಕರೆಂಟನ್ನು ನೂರಕ್ಕೆ ಮೂರು-ನಾಲ್ಕು ಕುಗ್ಗಿಸಬಹುದು. ಅದಕ್ಕೇ ಚಾನಲ್ 1 ಬೇಕು. ಪ್ರತಿ ಸಲ ಎರಡೂ ಚಾನಲ್ ಓದಿ, ಎರಡರ ಅನುಪಾತವನ್ನೇ ಗ್ರಾಫಿಗೆ ಹಾಕಿ.

ಕರೆಂಟು ಹೆಚ್ಚಿಸಿ ದೊಡ್ಡ ವೋಲ್ಟೇಜ್ ನೋಡುವ ಆಸೆ ಬೇಡ. 6 ವೋಲ್ಟಿನ ಮೇನ್ಸ್ ಟ್ರಾನ್ಸ್‌ಫಾರ್ಮರ್ ನೇರ ಹಚ್ಚಿ 50 ಹರ್ಟ್ಸ್‌ನಲ್ಲಿ ಮಾಡುವ ಹಳೆಯ ಪದ್ಧತಿಯಲ್ಲಿ ಕೋರ್ ಸ್ಯಾಚುರೇಟ್ ಆಗಿ (ಇನ್ನು ಹೆಚ್ಚು ಕಾಂತಗೊಳ್ಳಲಾರದೆ) ಶಿಖರ ಕಾಣುವುದೇ ಇಲ್ಲ, ಬರೀ ಇಳಿಜಾರು ಬರುತ್ತದೆ. ಜನರೇಟರಿನ ಡಿಸಿ ಆಫ್‌ಸೆಟ್ ನಾಬ್ ಸೊನ್ನೆಯಲ್ಲಿದೆಯೇ ನೋಡಿ. ಆಫ್‌ಸೆಟ್ ಉಳಿದಿದ್ದರೆ ಶಿಖರ ಸಪಾಟಾಗಬಹುದು.

ಹಂತ 5: ಥರ್ಮೊಕಪಲ್ ಪರೀಕ್ಷೆ

ಕರಗುತ್ತಿರುವ ಮಂಜುಗಡ್ಡೆಯಲ್ಲಿ ಅದ್ದಿ, 0 ತೋರಿಸಬೇಕು. ಆಮೇಲೆ ಕುದಿಯುವ ನೀರಿನಲ್ಲಿ ಅದ್ದಿ. ಇಲ್ಲಿ 100 ಬರಬೇಕೆಂದು ಕೂತರೆ ತಪ್ಪುತ್ತೀರಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದು ಸುಮಾರು 97.5 ಡಿಗ್ರಿಗೆ. ವಿಜಯಪುರದಲ್ಲಿ ಸುಮಾರು 98, ಬಾಗಲಕೋಟೆಯಲ್ಲಿ ಅದಕ್ಕಿಂತ ಕೂದಲೆಳೆ ಹೆಚ್ಚು. ಮೀಟರು 97.5 ತೋರಿಸಿದ್ದನ್ನು ‘ದೋಷ’ ಎಂದು ತಿಳಿದು ಎಲ್ಲ ಅಳತೆಗೂ 2.5 ಕೂಡಿಸಿದ ಜರ್ನಲ್ಲುಗಳಿಗೆ ಲೆಕ್ಕವಿಲ್ಲ.

ಮೀಟರಿಲ್ಲದೆ ಮಿಲಿವೋಲ್ಟ್ ಓದಿ ಕೋಷ್ಟಕದಿಂದ ತಾಪಮಾನ ತೆಗೆಯುವವರು ಇನ್ನೊಂದು ಗಮನಿಸಬೇಕು. ಕೋಷ್ಟಕದ ಅಂಕಿ ತಣ್ಣನೆಯ ಜೋಡಣೆ (ಥರ್ಮೊಕಪಲ್ಲಿನ ಇನ್ನೊಂದು ತುದಿ) 0 ಡಿಗ್ರಿಯಲ್ಲಿದ್ದಾಗಿನದು. ಕೋಣೆಯ ತಾಪಮಾನಕ್ಕೆ ಸರಿಹೊಂದುವ ಮಿಲಿವೋಲ್ಟನ್ನು ಮೊದಲು ಕೂಡಿಸಿ, ಆಮೇಲೆ ಕೋಷ್ಟಕ ನೋಡಬೇಕು. ಕೆ ಟೈಪಿನಲ್ಲಿ ಡಿಗ್ರಿಗೆ ಸುಮಾರು 0.041 ಮಿಲಿವೋಲ್ಟ್. ಇದನ್ನು ಮರೆತರೆ ಬೆಳಗಾವಿಯ ಮಳೆಗಾಲದಲ್ಲಿ ಉತ್ತರ 22-23 ಡಿಗ್ರಿ ಕಡಿಮೆ ಬರುತ್ತದೆ, ವಿಜಯಪುರದ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಕಡಿಮೆ.

ಹಂತ 6: ಎಣ್ಣೆಯ ಸ್ನಾನ

ಸಿಲಿಕೋನ್ ಎಣ್ಣೆ ಇದ್ದರೆ ಚಲೋ. ಇಲ್ಲದಿದ್ದರೆ ರಿಫೈಂಡ್ ಶೇಂಗಾ ಎಣ್ಣೆ 160 ಡಿಗ್ರಿವರೆಗೆ ನಡೆಯುತ್ತದೆ. ಗಾಣದಿಂದ ತಂದ ಕುಸುಬಿ ಎಣ್ಣೆ ಬೇಡ, ಸೋಸದ ಎಣ್ಣೆ ಬೇಗ ಹೊಗೆಯಾಡುತ್ತದೆ. ಬೀಕರ್, ಕೋರ್, ತಂತಿ ಎಲ್ಲ ಒಣಗಿರಬೇಕು. ಒಂದು ಹನಿ ನೀರಿದ್ದರೂ ನೂರು ದಾಟಿದಾಗ ಒಗ್ಗರಣೆಯ ಹಾಗೆ ಸಿಡಿಯುತ್ತದೆ, ಇಲ್ಲಿ ಸಿಡಿಯುವುದು ಮುಖಕ್ಕೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಬೀಕರಿನ ಬಾಯಿ ಮುಚ್ಚುವಂಥ ಲೋಹದ ತಟ್ಟೆಯೊಂದನ್ನು ಪಕ್ಕದಲ್ಲೇ ಇಟ್ಟಿರಿ.

ಕೋರ್ ಎಣ್ಣೆಯ ನಡುವೆ ತೂಗುತ್ತಿರಬೇಕು, ತಳ ಮುಟ್ಟಬಾರದು. ಥರ್ಮೊಕಪಲ್ ತುದಿ ಟೇಪಿಲ್ಲದ ಆ ಜಾಗಕ್ಕೆ ಒತ್ತಿಕೊಂಡು, ಮೇಲಿಂದ ಕ್ಯಾಪ್ಟಾನ್ ಟೇಪಿನಿಂದ ಬಿಗಿಯಾಗಿರಬೇಕು. ಎಣ್ಣೆಯಲ್ಲಿ ಸುಮ್ಮನೆ ಇಳಿಬಿಟ್ಟರೆ ಅದು ಕೋರಿನ ಸುದ್ದಿ ಹೇಳುವುದಿಲ್ಲ.

ಮ್ಯಾಗ್ನೆಟಿಕ್ ಸ್ಟರರ್ ಬೇಡ. ಅದರ ತಿರುಗುವ ಅಯಸ್ಕಾಂತ ಕೋರಿನ ಕೆಳಗೇ ಇರುತ್ತದೆ, ಅಳತೆಗೆ ಕೈ ಹಾಕುತ್ತದೆ. ಗಾಜಿನ ಕಡ್ಡಿಯಿಂದ ಕೈಯಲ್ಲೇ ಕಲಕಿ. ಇಂಡಕ್ಷನ್ ಒಲೆಯಂತೂ ದೂರವೇ ಇರಲಿ. ಅದು ಕೆಲಸ ಮಾಡುವ ಆವರ್ತನ ನಿಮ್ಮ 10 ಕಿಲೋಹರ್ಟ್ಸ್‌ಗೆ ಹತ್ತಿರವೇ ಇದೆ, ಸಿಆರ್‌ಒ ತೆರೆ ತುಂಬ ಅದರದೇ ಅಲೆ ಕಾಣುತ್ತದೆ. ಫ್ಯಾನ್ ಬಂದ್ ಮಾಡಿ, ಬೀಕರಿನ ಪಕ್ಕದ ಕಿಟಕಿ ಮುಚ್ಚಿ.

200 ಡಿಗ್ರಿ ದಾಟಬೇಕಾದ ಕೋರಿಗೆ ಎಣ್ಣೆಯ ಬದಲು ಒಣ ಉಸುಕು ಬಳಸಬಹುದು. ಆದರೆ ಕೃಷ್ಣೆಯ ಕಡೆಯ ಹೊಳೆ ಉಸುಕಿನಲ್ಲಿ ಅಯಸ್ಕಾಂತ ಆಡಿಸಿ ನೋಡಿ. ಕಪ್ಪುಕಲ್ಲಿನಿಂದ ಸವೆದು ಬಂದ ಮ್ಯಾಗ್ನೆಟೈಟ್ ಕಣಗಳು ಮೀಸೆಯಂತೆ ಹತ್ತಿಕೊಳ್ಳುತ್ತವೆ. ಮೊದಲು ಅವನ್ನು ತೆಗೆದುಹಾಕಿ. ಉಸುಕಿನಲ್ಲಿ ಬಿಸಿ ಸಮನಾಗಿ ಹರಡುವುದಿಲ್ಲ, ಹಾಗಾಗಿ ಎಣ್ಣೆಗಿಂತ ಇನ್ನೂ ನಿಧಾನ ಕಾಯಿಸಬೇಕು.

ಹಂತ 7: ಓಟ

ಮೊದಲ ಓಟದ ಅಂಕಿಗಳನ್ನು ಉತ್ತರಕ್ಕೆ ಬಳಸಬೇಡಿ. ಕೋರು ಹಿಂದೆ ಎಂದೋ ಕಂಡ ಅಯಸ್ಕಾಂತದ ನೆನಪು ಅದರಲ್ಲಿ ಉಳಿದಿರುತ್ತದೆ, ಒಮ್ಮೆ ಕ್ಯೂರಿ ಬಿಂದು ದಾಟಿದರೆ ಅದು ಅಳಿಸಿಹೋಗುತ್ತದೆ. ನಿಮಿಷಕ್ಕೆ 4 ಡಿಗ್ರಿ ಮೀರದಂತೆ ಕಾಯಿಸಿ. ಅದಕ್ಕಿಂತ ಬೇಗ ಕಾಯಿಸಿದರೆ ಫೆರೈಟ್ ಸೀಳಬಹುದು. ವೋಲ್ಟೇಜ್ ಕುಸಿಯುವ ಜಾಗವನ್ನು ಅಂದಾಜಿಗೆ ಗುರುತು ಮಾಡಿಕೊಂಡು, ಇನ್ನೂ 20-30 ಡಿಗ್ರಿ ಮೇಲೆ ಹೋಗಿ. ಅಲ್ಲಿ ಉಳಿದ ವೋಲ್ಟೇಜ್ ಎಷ್ಟೆಂದು ಬರೆದಿಡಿ. ಲೆಕ್ಕದ ಪ್ರಕಾರ ಅಲ್ಲಿ ಕೋರಿನಿಂದ ಬರುವುದು 0.1 ಮಿಲಿವೋಲ್ಟಿನಷ್ಟು ಮಾತ್ರ. ಉಳಿದದ್ದೆಲ್ಲ ತಂತಿಗಳ ಕಿತಾಪತಿ, ಎಲ್ಲ ಅಳತೆಯಿಂದಲೂ ಅದನ್ನು ಕಳೆಯಬೇಕು.

ಈಗ ನಿಜವಾದ ಅಳತೆ. ಇದನ್ನು ತಣಿಯುವಾಗ ತೆಗೆದುಕೊಳ್ಳಿ. ಹೀಟರ್ ಬಂದ್ ಇರುವುದರಿಂದ ಎಣ್ಣೆಯಲ್ಲಿ ಬಿಸಿ ಸಮನಾಗಿರುತ್ತದೆ, ಮೇನ್ಸ್ ಗುಂಯ್‌ಗುಡುವುದೂ ತಪ್ಪುತ್ತದೆ. ಬೀಕರನ್ನು ಕೆಳಗಿಳಿಸಬೇಡಿ, ಇಳಿಸಿದರೆ ನಿಮಿಷಕ್ಕೆ 3-4 ಡಿಗ್ರಿ ಬಿದ್ದುಬಿಡಬಹುದು. ಹಾಟ್‌ಪ್ಲೇಟಿನ ಮೇಲೇ ಇರಲಿ. ಕುಸಿತದ ಜಾಗಕ್ಕೆ 10 ಡಿಗ್ರಿ ಇರುವಾಗ ಡಿಮ್ಮರ್‌ಸ್ಟ್ಯಾಟಿನಿಂದ ಸ್ವಲ್ಪ ಕರೆಂಟು ಕೊಟ್ಟು, ಇಳಿಯುವ ವೇಗವನ್ನು ನಿಮಿಷಕ್ಕೆ ಅರ್ಧ ಡಿಗ್ರಿಗೆ ತನ್ನಿ. ಹಾಟ್‌ಪ್ಲೇಟಿನದೇ ಥರ್ಮೊಸ್ಟ್ಯಾಟ್ ಇಲ್ಲಿ ಉಪಯೋಗಕ್ಕಿಲ್ಲ, ಅದು ಹತ್ತುತ್ತ ಆರುತ್ತ ತಾಪಮಾನವನ್ನು ಉಯ್ಯಾಲೆ ಆಡಿಸುತ್ತದೆ.

ಅರ್ಧ ಡಿಗ್ರಿ ಯಾಕೆ? ಎಣ್ಣೆಯ ಬಿಸಿ ಕೋರಿನ ನಡುಮಧ್ಯಕ್ಕೆ ಮುಟ್ಟಲು ಒಂದಿಷ್ಟು ಹೊತ್ತು ಬೇಕು. ಅದು ಎರಡು ನಿಮಿಷ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 5 ಡಿಗ್ರಿ ವೇಗದಲ್ಲಿ ಹೋದರೆ ಕೋರು ಮೀಟರಿಗಿಂತ 10 ಡಿಗ್ರಿ ಹಿಂದಿರುತ್ತದೆ. ಅರ್ಧ ಡಿಗ್ರಿ ವೇಗದಲ್ಲಿ ಹೋದರೆ ಒಂದೇ ಡಿಗ್ರಿ. ನಿಮ್ಮ ಕೋರಿನ ಹೊತ್ತು ಎಷ್ಟೆಂದು ಕಂಡುಕೊಳ್ಳುವುದು ಸುಲಭ: ಕುಸಿತದ ನಡುವೆ ಮೀಟರು ಒಂದೇ ತಾಪಮಾನ ತೋರಿಸುವಂತೆ ಹಿಡಿದು ನಿಲ್ಲಿಸಿ, ಸೆಕೆಂಡರಿ ವೋಲ್ಟೇಜ್ ನೋಡುತ್ತಿರಿ. ಮೀಟರು ನಿಂತ ಮೇಲೂ ವೋಲ್ಟೇಜ್ ಎಷ್ಟು ಹೊತ್ತು ಸರಿಯುತ್ತದೋ ಅಷ್ಟು ಹೊತ್ತು ಕೋರು ಹಿಂದಿದೆ. ಆ ಜಾಗದಲ್ಲಿ ನಿಮ್ಮ ಹತ್ತಿರವಿರುವ ಅತಿ ಸೂಕ್ಷ್ಮ ಥರ್ಮಾಮೀಟರ್ ಕೋರೇ.

ದೂರದಲ್ಲಿ 5 ಡಿಗ್ರಿಗೊಂದು ಅಳತೆ ಸಾಕು. ಕುಸಿತದ ಆಚೀಚೆ 10 ಡಿಗ್ರಿಯಲ್ಲಿ ಅರ್ಧ ಡಿಗ್ರಿಗೊಂದು ಬೇಕು. ಎಲ್ಲ ಕಡೆ 5 ಡಿಗ್ರಿಗೊಂದು ಓದಿದರೆ ಇಡೀ ಕುಸಿತ ಎರಡು ಚುಕ್ಕೆಗಳ ನಡುವೆ ಅಡಗಿ ಕೂರುತ್ತದೆ.

ಸಮಯ ಇದ್ದರೆ ಅದೇ ನಿಧಾನದಲ್ಲಿ ಏರುವಾಗಲೂ ಒಮ್ಮೆ ಓದಿ. ಎರಡು ಗೆರೆಗಳ ನಡುವೆ ಅಂತರ ಬಂದರೆ ಅದಕ್ಕೆ ‘ವಸ್ತುವಿನ ಹಿಸ್ಟೆರಿಸಿಸ್’ (ಏರುವ, ಇಳಿಯುವ ದಾರಿ ಬೇರೆಯಾಗುವ ಗುಣ) ಎಂದು ಹೆಸರಿಡಬೇಡಿ. ಈ ಪರಿವರ್ತನೆ ಎರಡನೇ ದರ್ಜೆಯದು, ಗುಪ್ತೋಷ್ಣವಿಲ್ಲ, ಏರುವಾಗಲೂ ಇಳಿಯುವಾಗಲೂ ಅದೇ ತಾಪಮಾನ. ಅಂತರ ನಿಮ್ಮ ಅವಸರದ ಅಳತೆ. ಏರಿದ ವೇಗ, ಇಳಿದ ವೇಗ ಒಂದೇ ಇದ್ದರೆ ಎರಡರ ಸರಾಸರಿ ತೆಗೆದುಕೊಂಡರೆ ಅಡ್ಡಿಯಿಲ್ಲ.

ಹಂತ 8: ಗ್ರಾಫಿನಿಂದ ಒಂದು ಅಂಕಿ

ಶಿಖರದ ತಾಪಮಾನವನ್ನೇ ಕ್ಯೂರಿ ತಾಪಮಾನ ಎಂದು ಬರೆಯುವುದು ತಪ್ಪು. ಶಿಖರ ಅದಕ್ಕಿಂತ ಕೆಳಗಿರುತ್ತದೆ. ಫೆರೈಟ್ ತಯಾರಕರು ಅನುಸರಿಸುವ ಒಂದು ಪದ್ಧತಿ ಲ್ಯಾಬಿಗೂ ಒಗ್ಗುತ್ತದೆ: ಇಳಿಜಾರಿನಲ್ಲಿ ಶಿಖರದ ಶೇ. 80 ಮತ್ತು ಶೇ. 20 ಇರುವ ಎರಡು ಬಿಂದು ಗುರುತಿಸಿ, ಅವುಗಳ ಮೂಲಕ ಗೆರೆ ಎಳೆದು ತಾಪಮಾನದ ಅಕ್ಷಕ್ಕೆ ಮುಟ್ಟಿಸುವುದು. ಉದಾಹರಣೆಗೆ ಶಿಖರ 1000 ಮಿಲಿವೋಲ್ಟ್ ಇದ್ದು, 800 ಬಂದದ್ದು 128.0 ಡಿಗ್ರಿಯಲ್ಲಿ, 200 ಬಂದದ್ದು 131.0 ಡಿಗ್ರಿಯಲ್ಲಿ ಎಂದಾದರೆ ಗೆರೆ ಡಿಗ್ರಿಗೆ 200 ಮಿಲಿವೋಲ್ಟ್ ಇಳಿಯುತ್ತದೆ, ಅಕ್ಷ ಮುಟ್ಟುವುದು 132.0ರಲ್ಲಿ. ಉಳಿಕೆ ವೋಲ್ಟೇಜನ್ನು ಮೊದಲೇ ಕಳೆದಿರಬೇಕು. ಯಾವ ಪದ್ಧತಿಯಲ್ಲಿ ತೆಗೆದ ಅಂಕಿ ಎಂದು ಜರ್ನಲ್ಲಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಇನ್ನೊಬ್ಬರ ಅಂಕಿಯೊಂದಿಗೆ ಹೋಲಿಸಲು ಬರುವುದಿಲ್ಲ.

ಗೆರೆಯ ಬುಡದಲ್ಲಿ ಚುಕ್ಕೆಗಳು ಸೀದಾ ಸೊನ್ನೆಗೆ ಬೀಳದೆ ಬಾಲದಂತೆ ಹರಡುತ್ತವೆ. ಕೋರಿನೊಳಗೆ ತಾಪಮಾನವೂ ಸಂಯೋಜನೆಯೂ ಎಲ್ಲ ಕಡೆ ಒಂದೇ ಇರುವುದಿಲ್ಲ, ಅದರ ಫಲ ಇದು. ಬಾಲವನ್ನು ಗೆರೆಗೆ ಸೇರಿಸಿಕೊಳ್ಳಬೇಡಿ.

ಕ್ಯೂರಿ-ವೈಸ್ ನಿಯಮ (ಕ್ಯೂರಿ ಬಿಂದುವಿನ ಮೇಲೆ ವಿಲೋಮ ಸಸೆಪ್ಟಿಬಿಲಿಟಿ ತಾಪಮಾನದೊಂದಿಗೆ ಸರಳರೇಖೆಯಲ್ಲಿ ಏರುತ್ತದೆ ಎನ್ನುವುದು) ಕಲಿತವರು ಬಾಲದ ಚುಕ್ಕೆಗಳಿಂದ ವಿಲೋಮ ಸಸೆಪ್ಟಿಬಿಲಿಟಿಯ (ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆಯ ವಿಲೋಮ) ಗ್ರಾಫ್ ಹಾಕಿ ಸರಳರೇಖೆ ಹುಡುಕುತ್ತಾರೆ. ಫೆರಿಕಾಂತೀಯ ವಸ್ತುವಿನಲ್ಲಿ ಆ ಗ್ರಾಫ್ ಸರಳರೇಖೆ ಅಲ್ಲ, ಕ್ಯೂರಿ ಬಿಂದುವಿನ ಹತ್ತಿರ ಬಾಗುತ್ತದೆ. ನಿಕ್ಕಲ್, ಕಬ್ಬಿಣದಲ್ಲಿ ಕೂಡ ತೀರ ಹತ್ತಿರದಲ್ಲಿ ಘಾತಾಂಕ 1 ಅಲ್ಲ, ಸುಮಾರು 1.3. ಆ ಕೆಲಸಕ್ಕೆ ಈ ಉಪಕರಣ ಸಾಲದು.

ಹಂತ 9: ಎಚ್ಚರಿಕೆಯ ಲಕ್ಷಣಗಳು

1. ಕುಸಿತಕ್ಕಿಂತ ಬಹಳ ಮುಂಚೆ, 60-100 ಡಿಗ್ರಿಯಲ್ಲೇ ಒಂದು ದಿಬ್ಬ ಕಂಡರೆ ಅದು ಹಾಪ್ಕಿನ್ಸನ್ ಶಿಖರವಲ್ಲ. ಮ್ಯಾಂಗನೀಸ್-ಸತು ಫೆರೈಟಿನಲ್ಲಿ ಅನೈಸೊಟ್ರಪಿ ನಡುವೆ ಒಮ್ಮೆ ಸೊನ್ನೆ ಹಾಯುವ ತಾಪಮಾನ ಅದು. ಮುಂದೆ ಕಾಯಿಸಿ.

2. ವೋಲ್ಟೇಜ್ ಒಮ್ಮೆಲೇ ಜಿಗಿದು ಕೆಳಗೆ ಬಂದು ಅಲ್ಲೇ ನಿಂತರೆ ಕೋರ್ ಸೀಳಿದೆ. ತಣಿದ ಮೇಲೂ ಮೊದಲಿನ ಅಂಕಿ ಮರಳುವುದಿಲ್ಲ.

3. ತಣಿದ ಮೇಲೆ ವೋಲ್ಟೇಜ್ ಮೊದಲಿಗಿಂತ ಸ್ವಲ್ಪ ಹೆಚ್ಚಿದ್ದು, ನಿಧಾನವಾಗಿ ಇಳಿಯುತ್ತಿದ್ದರೆ ಗಾಬರಿ ಬೇಡ. ಕ್ಯೂರಿ ಬಿಂದು ದಾಟಿ ಬಂದ ಫೆರೈಟಿನ ಪರ್ಮಿಯೆಬಿಲಿಟಿ ತಾಸುಗಟ್ಟಲೆ, ದಿನಗಟ್ಟಲೆ ಹೀಗೆ ಇಳಿಯುತ್ತಿರುತ್ತದೆ.

4. ಸೆಕೆಂಡರಿಯ ಅಲೆ ಸೈನ್ ಆಕಾರ ಬಿಟ್ಟು ಚೂಪಾದರೆ ಕರೆಂಟು ಹೆಚ್ಚಾಗಿದೆ, ಅರ್ಧಕ್ಕೆ ಇಳಿಸಿ.

5. ಎಣ್ಣೆಯಿಂದ ತೆಳು ಹೊಗೆ ಎದ್ದರೆ ಆ ದಿನದ ಓಟ ಅಲ್ಲಿಗೆ ನಿಲ್ಲಿಸಿ. ಬಿಸಿ ಕೋರನ್ನು ನೀರಿಗೆ ಹಾಕಿ ತಣಿಸಬೇಡಿ, ಸೀಳುತ್ತದೆ.

ಹಂತ 10: ಬೇರೆ ವಸ್ತು ಬಳಸುವವರಿಗೆ

ನಿಕ್ಕಲ್ಲಿನ ಕ್ಯೂರಿ ತಾಪಮಾನ 358 ಡಿಗ್ರಿ. ಎಣ್ಣೆ, ಎನಾಮಲ್ ತಂತಿ, ಕ್ಯಾಪ್ಟಾನ್ ಯಾವುದೂ ಅಲ್ಲಿಗೆ ತಾಳುವುದಿಲ್ಲ. ಕೊಳವೆ ಕುಲುಮೆ ಮತ್ತು ಸೆರಾಮಿಕ್ ಮಣಿ ಪೋಣಿಸಿದ ತಂತಿ ಬೇಕು. ಕಬ್ಬಿಣದ 770 ಡಿಗ್ರಿ ಲ್ಯಾಬಿಗಿಂತ ಕುಲುಮೆಗೆ ಹತ್ತಿರ: ಕಬ್ಬಿಣ ಕೆಂಪಗೆ ಕಾದು ಅಯಸ್ಕಾಂತ ಹಿಡಿಯುವುದನ್ನು ಬಿಡುವ ಬಿಸಿ ಅದು. ಬೆಳಗಾವಿ ಉದ್ಯಮಬಾಗದಂಥ ಕಡೆ ಫೌಂಡ್ರಿಯಲ್ಲಿ ಇಂಡಕ್ಷನ್ ಫರ್ನೇಸ್ ನಡೆಸುವವರಿಗೆ, ಹಾಕಿದ ಕಬ್ಬಿಣ ಈ ಬಿಸಿ ದಾಟಿದಾಗ ಅದು ಕಾಯಿಲಿನಿಂದ ಎಳೆಯುವ ಪವರ್ ಬದಲಾಗುವುದು ಪ್ಯಾನೆಲ್ಲಿನಲ್ಲೇ ಕಾಣುತ್ತದೆ.

ಗಡೋಲಿನಿಯಂ ತುಂಡು ಸಿಕ್ಕಿದರೆ ಕಾಯಿಸುವ ಗೋಜೇ ಇಲ್ಲ, ಅದರ ಕ್ಯೂರಿ ತಾಪಮಾನ ಸುಮಾರು 20 ಡಿಗ್ರಿ. ಆದರೆ ವಿಜಯಪುರದ ಏಪ್ರಿಲ್‌ನಲ್ಲಿ ಡಬ್ಬಿಯಿಂದ ತೆಗೆದಾಗಲೇ ಅದು ಅನುಕಾಂತೀಯವಾಗಿರುತ್ತದೆ, ಸಾಧಾರಣ ಅಯಸ್ಕಾಂತಕ್ಕೆ ಹತ್ತಿಕೊಳ್ಳುವುದಿಲ್ಲ. ಮೋಸದ ಮಾಲು ಎಂದು ಮರಳಿಸುವ ಮುನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ನೀರಿನಲ್ಲಿ ಐದು ನಿಮಿಷ ಇಟ್ಟು, ಹೊರತೆಗೆದ ಕೂಡಲೇ ಅಯಸ್ಕಾಂತ ಹಿಡಿದು ನೋಡಿ.